ಮಳೆಗೂ ಬಿಸಿಲಿಗೂ ಜಗ್ಗದ ಯುಕುಲೇಲೆ ಯಾವುದು?

ಎರಡು ವರ್ಷದ ಹಿಂದಿನ ಜುಲೈ. ಆಗುಂಬೆ ಹತ್ತಿರ ಒಂದು ಹಳೇ ಮನೆಯಲ್ಲಿ ನಾವು ಐದು ಜನ ಉಳಿದುಕೊಂಡಿದ್ದೆವು. ಜೀಪಿನ ಹಿಂದೆ ಇಟ್ಟಿದ್ದ ನನ್ನ ಯುಕುಲೇಲೆಯ, ಅಂದರೆ ಗಿಟಾರಿನ ಮರಿಯಂಥ ನಾಲ್ಕು ತಂತಿಯ ವಾದ್ಯದ, ಬ್ಯಾಗು ಪೂರ್ತಿ ನೆನೆದಿತ್ತು. ತೆಗೆದರೆ ಒಳಗಿನ ಮರವೂ ಒದ್ದೆ. ಮನೆಯ ಅಮ್ಮ ಬಂದು ನೋಡಿದರು. "ಇದೆಂಥ ಮಾರಾಯ್ರೆ, ಮಕ್ಕಳ ವೀಣೆಯಾ? ಬಚ್ಚಲೊಲೆ ಹತ್ರ ಇಡಿ, ಬೆಳಿಗ್ಗೆಗೆ ಒಣಗಿರ್ತದೆ" ಅಂದರು. ಮಳೆಗಾಲದಲ್ಲಿ ಅಲ್ಲಿ ಬಟ್ಟೆ, ಕಂಬಳಿ, ಚಾಪೆ ಎಲ್ಲವೂ ಒಣಗುವುದು ಹಂಡೆಯ ಪಕ್ಕದಲ್ಲೇ. ನಾನೂ ಗೋಡೆಗೆ ಒರಗಿಸಿಟ್ಟು ಬಂದೆ.

ರಾತ್ರಿ ಊಟಕ್ಕೆ ಕೂತಿದ್ದಾಗ ಬಚ್ಚಲಿನಿಂದ 'ಟಪ್' ಅಂತ ಸದ್ದು ಕೇಳಿಸಿತು. ಕೆಂಡದಲ್ಲಿ ಹಲಸಿನ ಬೀಜ ಸಿಡಿದ ಹಾಗೆ. ಹೋಗಿ ನೋಡಿದರೆ ತಂತಿ ಕಟ್ಟುವ ಬ್ರಿಡ್ಜ್ ಕಿತ್ತು ಬಂದು, ನಾಲ್ಕು ತಂತಿಗಳ ತುದಿಯಲ್ಲಿ ಜೋತಾಡುತ್ತಿತ್ತು. ಅದು ಕೂತಿದ್ದ ಜಾಗದಲ್ಲಿ ಪಾಲಿಶ್ ಇಲ್ಲದ, ಬಿಳಿಚಿದ ಮರದ ಒಂದು ಪಟ್ಟಿ. ಪಟ್ಟಿಯ ಅಂಚಿನಲ್ಲಿ ಅಂಟಿನ ತೆಳು ಗೆರೆ ಉಳಿದಿತ್ತು. ಉಗುರಲ್ಲಿ ಕೆರೆದೆ. ರಬ್ಬರಿನ ಹಾಗೆ ಮೆತ್ತಗೆ, ಸುರುಳಿ ಸುತ್ತಿಕೊಂಡು ಎದ್ದು ಬಂತು.

ಮಳೆಯಲ್ಲಿ ನೆನೆದು ಯುಕುಲೇಲೆ ಹಾಳಾಯ್ತು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ರಿಪೇರಿ ಮಾಡಿದವರು ಆ ಅಂಟು ನೋಡಿದ ಮೇಲೆ ನಿಜ ಗೊತ್ತಾಯ್ತು. ಮಳೆ ಮಾಡಿದ್ದು ಅರ್ಧ ಕೆಲಸ. ಮುಗಿಸಿದ್ದು ಒಲೆ.

ಹೊರಗೆ ತಿರುಗಾಡುವಾಗ ಒಯ್ಯಲು ಯಾವ ಯುಕುಲೇಲೆ ತಗೋಬೇಕು ಅಂತ ಈಗ ಯಾರಾದರೂ ಕೇಳಿದರೆ ನಾನು ನೀರಿನಿಂದ ಶುರು ಮಾಡುವುದಿಲ್ಲ. "ವಾಟರ್‌ಪ್ರೂಫಾ?" ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. "ಬಿಸಿ ತಡೆಯುತ್ತಾ?" ಅಂತ ಕೇಳುವವರು ಕಮ್ಮಿ. ಈ ವಾದ್ಯಗಳನ್ನು ಜಾಸ್ತಿ ಕೊಲ್ಲುವುದು ಬಿಸಿಯೇ ಅಂತ ನನ್ನ ಲೆಕ್ಕ.

ಮೊದಲು ಮರದ ವಿಷಯ ನೋಡೋಣ. ಮರ ಒಣಗಿದ ಮೇಲೂ ಗಾಳಿಯ ತೇವ ಕುಡಿಯುತ್ತಲೇ ಇರುತ್ತದೆ. ಕುಡಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಏರುಪೇರು ಇಲ್ಲವೆನ್ನುವಷ್ಟು ಕಮ್ಮಿ. ನಾರಿನ ಅಡ್ಡಕ್ಕೆ ಮಾತ್ರ ಚೆನ್ನಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಹಳೇ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಅದೇ ಕತೆ. ಮರದ ತಂತಿವಾದ್ಯ ನೆಮ್ಮದಿಯಾಗಿ ಇರುವುದು ಗಾಳಿಯ ತೇವ ಶೇ. 45ರಿಂದ 55ರ ಆಸುಪಾಸಿನಲ್ಲಿದ್ದಾಗ. ಮಲೆನಾಡಿನ ಜುಲೈನಲ್ಲಿ ಅದು ಶೇ. 90 ದಾಟಿ ಅಲ್ಲೇ ಕೂತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ. ಅಲ್ಲಿ ಯುಕುಲೇಲೆಯ ಮೇಲೆ ಹನಿ ಬೀಳಲೇಬೇಕು ಅಂತಿಲ್ಲ. ಸುಮ್ನೆ ಗೂಟಕ್ಕೆ ನೇತುಹಾಕಿದರೂ ಮೂರು ದಿನದಲ್ಲಿ ಮೇಲಿನ ಹಲಗೆ ಸ್ವಲ್ಪ ಉಬ್ಬಿ ತಂತಿ ಮೇಲೇಳುತ್ತದೆ. ಬೆರಳಿಗೆ ಒತ್ತುವುದು ಕಷ್ಟವಾಗುತ್ತದೆ.

ಇನ್ನೊಂದು ವಿಷಯ ಸುಮಾರು ಜನ ಗಮನಿಸಿರುವುದಿಲ್ಲ. ಮರದ ಯುಕುಲೇಲೆಗೆ ಪಾಲಿಶ್ ಇರುವುದು ಹೊರಗೆ ಮಾತ್ರ. ಸದ್ದು ಬರುವ ತೂತಿನೊಳಗೆ ಬೆರಳು ಹಾಕಿ ನೋಡಿ, ಬರೀ ಮರ ಸಿಗುತ್ತದೆ. ನೀರು, ತೇವ ಒಳಗೆ ಹೋಗುವುದು ಆ ದಾರಿಯಲ್ಲೇ. ಪ್ಲೈವುಡ್ ತರಹ ಪದರ ಅಂಟಿಸಿ ಮಾಡಿದ ಅಗ್ಗದ ಯುಕುಲೇಲೆಗಳು ಗಾಳಿಯ ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಒಂದು ಇನ್ನೊಂದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಪ್ರವಾಸಕ್ಕೆ ದುಬಾರಿ ಇಡಿಮರದ ಯುಕುಲೇಲೆಗಿಂತ ಅಗ್ಗದ ಪದರದ್ದೇ ವಾಸಿ. ಆದರೆ ನೇರ ನೀರು ಬಿದ್ದರೆ ತೂತಿನ ಅಂಚಿನಿಂದ ಪದರ ಬಿಡಲು ಶುರುವಾಗುತ್ತದೆ. ಒಮ್ಮೆ ಬಿಟ್ಟ ಪದರ ಮತ್ತೆ ಸರಿಯಾಗಿ ಕೂರುವುದಿಲ್ಲ.

ಇನ್ನು ಅಂಟು. ಇವತ್ತಿನ ಬಹುಪಾಲು ವಾದ್ಯಗಳಿಗೆ ಹಾಕುವುದು ಬಡಗಿಗಳು ಬಳಸುವ ಬಿಳಿ ಅಥವಾ ಹಳದಿ ಅಂಟಿನ ಜಾತಿಯದ್ದು. ಅದು 60 ಡಿಗ್ರಿ ಆಸುಪಾಸಿಗೆ ಮೆತ್ತಗಾಗಲು ಶುರುವಾಗುತ್ತದೆ. ನಾಲ್ಕು ತಂತಿಗಳ ಎಳೆತ ಒಟ್ಟು ಸೇರಿದರೆ 15 ಕೆ.ಜಿ.ಗೆ ಕಮ್ಮಿ ಇಲ್ಲ. ಅಷ್ಟು ಭಾರ ಹಗಲೂ ರಾತ್ರಿ ಬ್ರಿಡ್ಜನ್ನು ಎಳೆಯುತ್ತಲೇ ಇರುತ್ತದೆ. ಅಂಟು ಮೆತ್ತಗಾದ ಗಳಿಗೆ ನೋಡಿ 'ಟಪ್'. ಇದಕ್ಕೆ ಬಚ್ಚಲೊಲೆಯೇ ಬೇಕು ಅಂತಿಲ್ಲ. ಮೇ ತಿಂಗಳ ಮಧ್ಯಾಹ್ನ ಬೀಚಿನ ಪಕ್ಕ ಗಾಜು ಏರಿಸಿ ನಿಲ್ಲಿಸಿದ ಕಾರು ಸಾಕು. ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ದೊಡ್ಡ ವಿಷಯವೇ ಅಲ್ಲ.

ನಮ್ಮ ಸಂಗೀತಗಾರರಿಗೆ ಇದು ಹೊಸ ಪಾಠವೇನಲ್ಲ. ಸರಸ್ವತಿ ವೀಣೆಯ ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಬಿಸಿಲಲ್ಲಿ ಕಾರಲ್ಲಿಟ್ಟರೆ ಮೇಣ ಕರಗಿ ಮೆಟ್ಟಿಲು ಜರುಗುತ್ತದೆ. ಕಛೇರಿಗೆ ವೀಣೆ ಒಯ್ಯುವವರು ಮೊದಲು ನೆರಳು ಹುಡುಕುತ್ತಾರೆ. ಯುಕುಲೇಲೆ ಹಿಡಿದ ನಾವು ಮಾತ್ರ ಅದನ್ನು ಆಟದ ಸಾಮಾನಿನ ಹಾಗೆ ಹಿಂದಿನ ಸೀಟಿಗೆ ಎಸೆದು ಹೋಗುತ್ತೇವೆ.

ಈ ವಾದ್ಯ ಹುಟ್ಟಿದ್ದೇ ಸಮುದ್ರ ದಾಟಿದವರ ಕೈಯಲ್ಲಿ. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್‌ನ ಮಡೇರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಜನರನ್ನು ಹೊತ್ತು ಹವಾಯಿಯ ಹೊನೊಲುಲುಗೆ ಬಂತು. ಅವರ ಜೊತೆ ಮಶೆಟೆ ಎಂಬ ಪುಟ್ಟ ನಾಲ್ಕು ತಂತಿಯ ವಾದ್ಯವೂ ಬಂತು. ಅದೇ ಹಡಗಿನಲ್ಲಿದ್ದ ಮರಗೆಲಸದ ಮೂವರು, ಮ್ಯಾನುಯೆಲ್ ನೂನೆಸ್, ಜೋಸ್ ದೊ ಎಸ್ಪಿರಿಟೊ ಸ್ಯಾಂಟೊ ಮತ್ತು ಆಗಸ್ಟೊ ಡಿಯಾಸ್, ಮುಂದೆ ಅಲ್ಲೇ ಅಂಗಡಿ ಹಾಕಿ ದ್ವೀಪದ ಕೋವಾ ಮರದಲ್ಲಿ ವಾದ್ಯ ಮಾಡಲು ಶುರು ಮಾಡಿದರು. ದೊರೆ ಕಲಾಕೌವಾಗೂ ಅದು ಹಿಡಿಸಿತು. ಹವಾಯಿ ಭಾಷೆಯಲ್ಲಿ ಯುಕುಲೇಲೆ ಅಂದರೆ ಜಿಗಿಯುವ ಚಿಗಟ ಅಂತ ಅರ್ಥ ಹೇಳುತ್ತಾರೆ. ತಂತಿ ಮೇಲೆ ಬೆರಳು ಓಡುವುದನ್ನು ನೋಡಿದರೆ ಹೆಸರು ಒಪ್ಪುತ್ತದೆ.

ಪ್ಲಾಸ್ಟಿಕ್ ಯುಕುಲೇಲೆ ನಿನ್ನೆ ಮೊನ್ನೆಯದು ಅಂದುಕೊಂಡಿದ್ದರೆ ಅದೂ ತಪ್ಪು. ಅದರ ಹಿಂದೆ ಮಾರಿಯೊ ಮಕ್ಕಫೆರಿ ಎಂಬ ಇಟಲಿಯ ಕುಶಲಿ ಇದ್ದಾನೆ. ಜಾಜ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಹೆಸರಿನ ಜೊತೆ ಅಂಟಿಕೊಂಡಿರುವ ಸೆಲ್ಮರ್ ಗಿಟಾರಿನ ವಿನ್ಯಾಸ ಈತನದ್ದೇ. ಅಮೆರಿಕಕ್ಕೆ ಹೋದ ಮೇಲೆ ಪ್ಲಾಸ್ಟಿಕ್ ಹಿಡಿದ. ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಹಿಡಿದು ಏನೇನೋ ಮಾಡಿದ. 1940ರ ದಶಕದ ಕೊನೆಗೆ ಪಾಲಿಸ್ಟೈರೀನ್‌ನಲ್ಲಿ ಎರಕ ಹೊಯ್ದು ಐಲ್ಯಾಂಡರ್ ಎಂಬ ಯುಕುಲೇಲೆ ತಂದ. ಟಿವಿಯಲ್ಲಿ ಆರ್ಥರ್ ಗಾಡ್‌ಫ್ರೇ ಎಂಬ ಜನಪ್ರಿಯ ನಿರೂಪಕ ಅದನ್ನು ಹೊಗಳಿದ. ಲಕ್ಷಗಟ್ಟಲೆ ಮಾರಾಟವಾಯಿತು. ಒಂದೇ ತೊಂದರೆ. ಪಾಲಿಸ್ಟೈರೀನ್ ಗಡಸು, ಆದರೆ ಪೆಳಸು. ಕೈಜಾರಿದರೆ ಸೀಳು ಬಿಡುತ್ತದೆ. ಇವತ್ತಿನ ಪ್ಲಾಸ್ಟಿಕ್ ಯುಕುಲೇಲೆಗಳ ಕತೆಯೆಲ್ಲ ಈ ಪೆಳಸುತನ ಕಳೆಯುವ ಕತೆ.

ಅದಕ್ಕೆ ಸಿಕ್ಕ ಮೊದಲ ಉತ್ತರ ಎಬಿಎಸ್ ಎಂಬ ಪ್ಲಾಸ್ಟಿಕ್. ಪಾಲಿಸ್ಟೈರೀನ್ ಕುಲದ್ದೇ, ಆದರೆ ಒಳಗೆ ರಬ್ಬರಿನ ಕಣಗಳು ಸೇರಿರುತ್ತವೆ. ಪೆಟ್ಟು ಬಿದ್ದರೆ ಆ ಕಣಗಳು ನುಂಗಿಕೊಳ್ಳುತ್ತವೆ. ಲೆಗೊ ಇಟ್ಟಿಗೆ, ಎಷ್ಟೋ ಬೈಕ್ ಹೆಲ್ಮೆಟ್ಟಿನ ಹೊರಚಿಪ್ಪು ಇದರದ್ದೇ. ಕಲಾ ಎಂಬ ಯುಕುಲೇಲೆ ಕಂಪನಿಯ ವಾಟರ್‌ಮನ್ ಮಾದರಿ ಈ ಜಾತಿಯದು. ಅಗ್ಗ, ಗಟ್ಟಿ. ನೀರಿಗೆ ಬಿದ್ದರೂ ಚಿಂತೆ ಇಲ್ಲ. ಆದರೆ ಪೆಟ್ಟು ತಡೆಯುವ ಆ ರಬ್ಬರಿಗೇ ಬಿಸಿಲೆಂದರೆ ಆಗದು. ಸೂರ್ಯನ ನೇರಳಾತೀತ ಕಿರಣ ಮೊದಲು ತಿನ್ನುವುದು ಅದನ್ನೇ. ಬಾಲ್ಕನಿಯಲ್ಲಿ ವರ್ಷಗಟ್ಟಲೆ ಬಿಟ್ಟ ಬಿಳಿ ಪ್ಲಾಸ್ಟಿಕ್ ಸಾಮಾನು ಹಳದಿಯಾಗಿ, ಒತ್ತಿದರೆ ಪುಡಿಯಾಗುವುದನ್ನು ನೋಡಿದ್ದೀರಲ್ಲ.

ಎರಡನೆಯದು ಪಾಲಿಕಾರ್ಬೊನೇಟ್. ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ವೈಸರ್, ಹಳೇ ಸಿಡಿ, ಇವೆಲ್ಲ ಅದರಿಂದ ಮಾಡಿದವು. ಸುತ್ತಿಗೆಯ ಏಟಿಗೂ ಸುಲಭಕ್ಕೆ ಬಗ್ಗದು. ಎಬಿಎಸ್ 100 ಡಿಗ್ರಿ ಆಸುಪಾಸಿಗೆ ಆಕಾರ ಬಿಟ್ಟರೆ ಇದು 145ರ ತನಕ ತಾಳಿಕೊಳ್ಳುತ್ತದೆ. ಅಮೆರಿಕದ ಔಟ್‌ಡೋರ್ ಯುಕುಲೇಲೆ ಕಂಪನಿ ಇದರಲ್ಲೇ ಹೆಸರು ಮಾಡಿತು. ಎನ್ಯಾ ಕಂಪನಿಯ ನೋವಾ ಯು ಮಾದರಿಯಲ್ಲಿ ಪಾಲಿಕಾರ್ಬೊನೇಟಿಗೆ ಕಾರ್ಬನ್ ನಾರು ಬೆರೆಸಿರುತ್ತಾರೆ. ನಾರು ಬೆರೆತಷ್ಟೂ ಬಿಗಿ ಜಾಸ್ತಿ.

ಇಲ್ಲಿ ಒಂದು ಮಾತು. 100 ಡಿಗ್ರಿ, 145 ಡಿಗ್ರಿ ಅಂತ ಓದಿ, ಹಾಗಾದರೆ ಕಾರಲ್ಲಿ ಬಿಡಬಹುದು ಅಂದುಕೊಳ್ಳಬೇಡಿ. ಕರಗುವುದು ಬೇರೆ, ನಿಧಾನಕ್ಕೆ ಬಾಗುವುದು ಬೇರೆ. ಪುಸ್ತಕದ ಭಾರಕ್ಕೆ ಪ್ಲಾಸ್ಟಿಕ್ ಶೆಲ್ಫ್ ವರ್ಷಗಳಲ್ಲಿ ನಡುವೆ ಜಗ್ಗುತ್ತದಲ್ಲ, ತಂತಿಯ ಎಳೆತಕ್ಕೆ ಪ್ಲಾಸ್ಟಿಕ್ ಕುತ್ತಿಗೆಯೂ ಹಾಗೇ ಜಗ್ಗುತ್ತದೆ. ಬಿಸಿ ಸೇರಿದರೆ ವರ್ಷಗಳ ಕೆಲಸ ಕೆಲವೇ ಮಧ್ಯಾಹ್ನಗಳಲ್ಲಿ ಆಗಿಬಿಡುತ್ತದೆ. ಕಾರಲ್ಲಿ ಬಿಡಲೇಬೇಕಾದರೆ ನಾಲ್ಕೂ ತಂತಿ ಒಂದೆರಡು ಸುತ್ತು ಸಡಿಲ ಮಾಡಿ, ಸೀಟಿನ ಕೆಳಗೆ ನೆರಳಲ್ಲಿಡಿ.

ಮೂರನೆಯದು ಪೂರ್ತಿ ಕಾರ್ಬನ್ ಫೈಬರ್. ಕ್ಲೋಸ್ ಎಂಬ ಅಮೆರಿಕದ ಕಂಪನಿ ಇಂಥದ್ದು ಮಾಡುತ್ತದೆ. ತೇವಕ್ಕೆ ಉಬ್ಬದು, ಬಿಸಿಗೆ ಹಿಗ್ಗುವುದೂ ತೀರಾ ಕಮ್ಮಿ. ಹಗುರ. ಬೆಲೆ ಮಾತ್ರ ಹತ್ತಾರು ಸಾವಿರ. ಚೂಪಾದ ಕಲ್ಲಿಗೆ ಬಲವಾಗಿ ತಾಗಿದರೆ ಎಬಿಎಸ್ ಹಾಗೆ ಪುಟಿಯುವುದಿಲ್ಲ, ಸೀಳಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಬ್ಲ್ಯಾಕ್‌ಬರ್ಡ್ ಕಂಪನಿ ಕಾರ್ಬನ್ ಬದಲು ಅಗಸೆ ಗಿಡದ ನಾರಿಗೆ ರಾಳ ಸೇರಿಸಿ ಕ್ಲಾರಾ ಎಂಬ ಯುಕುಲೇಲೆ ಮಾಡಿದೆ. ಧಾರವಾಡದ ಕಡೆ ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸಿ. ಬೀಜ ರೊಟ್ಟಿ ಜೊತೆಗೆ, ನಾರು ಹಾಡಿಗೆ. ಬೆಲೆ ಕೇಳಿದರೆ ಚಟ್ನಿಯೇ ಸಾಕು ಅನಿಸುತ್ತದೆ.

ಪ್ಲಾಸ್ಟಿಕ್ ಯುಕುಲೇಲೆ ನುಡಿಸಿದವರೆಲ್ಲ ಒಂದೇ ದೂರು ಹೇಳುತ್ತಾರೆ, ಸದ್ದು ಮಂಕು ಅಂತ. ಸುಮ್ನೆ ಹೇಳುವ ಮಾತಲ್ಲ ಅದು, ಕಾರಣ ಇದೆ. ವಾದ್ಯದ ಮೇಲಿನ ಹಲಗೆ ಏಕಕಾಲಕ್ಕೆ ಬಿಗಿಯಾಗಿಯೂ ಇರಬೇಕು, ಹಗುರವಾಗಿಯೂ ಇರಬೇಕು. ಬಿಗಿ ಇಲ್ಲದಿದ್ದರೆ ತಂತಿಯ ಎಳೆತಕ್ಕೆ ಕುಸಿಯುತ್ತದೆ. ಭಾರ ಜಾಸ್ತಿಯಾದರೆ ತಂತಿಯ ಚಿಕ್ಕ ನಡುಕ ಅದನ್ನು ಅಲುಗಿಸಲಾರದು. ಗಿಟಾರಿನ ಮೇಲ್ಹಲಗೆಗೆ ಹಾಕುವ ಸ್ಪ್ರೂಸ್ ಮರಕ್ಕೂ ಎಬಿಎಸ್‌ಗೂ ಹೋಲಿಸಿ ನೋಡಿ. ನಾರಿನ ಉದ್ದಕ್ಕೆ ಮರದ ಬಿಗಿ ಎಬಿಎಸ್‌ಗಿಂತ ಸುಮಾರು 4 ಪಟ್ಟು. ತೂಕ ಅದರ ಅರ್ಧಕ್ಕೂ ಕಮ್ಮಿ. ಹಾಗಾಗಿ ಅದೇ ಎಳೆತ ತಡೆಯಲು ಪ್ಲಾಸ್ಟಿಕ್ ಹಲಗೆ ದಪ್ಪ ಮಾಡಬೇಕು. ದಪ್ಪವಾದರೆ ಇನ್ನೂ ಭಾರ. ಸಾಲದ್ದಕ್ಕೆ ಪ್ಲಾಸ್ಟಿಕ್ ತನ್ನೊಳಗೇ ನಡುಕವನ್ನು ನುಂಗುತ್ತದೆ. ಮೀಟಿದ ಸ್ವರ ಬೇಗ ಆರುತ್ತದೆ. ಕಾರ್ಬನ್ ನಾರು ಈ ಲೆಕ್ಕವನ್ನು ತಿರುಗಿಸಿಬಿಡುತ್ತದೆ. ಬಿಗಿ ವಿಪರೀತ, ಹಾಗಾಗಿ ಹಲಗೆ ತೆಳ್ಳಗೆ, ಹಗುರವಾಗಿ ಮಾಡಬಹುದು. ಅಷ್ಟು ದುಡ್ಡು ಕೊಡುವವರು ಕೊಡುವುದು ಈ ಸದ್ದಿಗಾಗಿ.

ಜೊತೆಗೆ ಬಯಲಲ್ಲಿ ಯಾವ ವಾದ್ಯದ ಸದ್ದೂ ಚಿಕ್ಕದಾಗಿ ಕೇಳುತ್ತದೆ. ರೂಮಿನಲ್ಲಿ ಗೋಡೆ, ಸೂರು ಸದ್ದನ್ನು ವಾಪಸ್ ಕಳಿಸುತ್ತವೆ. ಗೋಕರ್ಣದ ಮರಳಿನಲ್ಲಿ ವಾಪಸ್ ಕಳಿಸಲು ಏನಿದೆ? ಅಲೆಯ ಸದ್ದು ಬೇರೆ. ಅಂಗಡಿಯ ಎಸಿ ರೂಮಿನಲ್ಲಿ ಜೋರಾಗಿ ಕೇಳಿದ್ದು ಅಲ್ಲಿ ಪಿಸುಮಾತಾಗುತ್ತದೆ. ಅದಕ್ಕೇ ಅಳತೆಯ ಬಗ್ಗೆ ಸ್ವಲ್ಪ ಯೋಚಿಸಬೇಕು.

ಸೊಪ್ರಾನೊ 21 ಇಂಚು, ಕನ್ಸರ್ಟ್ 23, ಟೆನರ್ 26. ಅದಕ್ಕೂ ದೊಡ್ಡದಾದ ಬ್ಯಾರಿಟೋನ್ ಚಾರಣದ ಮಾತೇ ಅಲ್ಲ, ಬಿಡಿ. 21 ಇಂಚು ಅಂದರೆ 53 ಸೆಂಟಿಮೀಟರ್. ಸಾಮಾನ್ಯ ಚಾರಣದ ಬ್ಯಾಗಿನೊಳಗೆ ನೆಟ್ಟಗೆ ಕೂರುತ್ತದೆ. ಟೆನರ್ ಆದರೆ ತಲೆ ಹೊರಗೆ ಚಾಚಿ ಪೊದೆಗಳಿಗೆಲ್ಲ ಸಿಕ್ಕಿಕೊಳ್ಳುತ್ತದೆ. ನನ್ನ ಮಟ್ಟಿಗೆ ಕನ್ಸರ್ಟ್ ಸರಿ. ಬೆರಳಿಗೆ ಜಾಗ ಸಿಗುತ್ತದೆ, ಸದ್ದು ಸ್ವಲ್ಪ ಜಾಸ್ತಿ, ಉದ್ದ ಎರಡೇ ಇಂಚು ಹೆಚ್ಚು. ದೋಣಿಯಲ್ಲಿ, ಕಯಾಕಿನಲ್ಲಿ ಒಯ್ಯುವವರಿಗೂ ಮಕ್ಕಳಿಗೂ ಸೊಪ್ರಾನೊ.

ಅಂದ ಹಾಗೆ, ಕಯಾಕಿನವರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಮರದ ಯುಕುಲೇಲೆ ನೀರಿಗೆ ಬಿದ್ದರೆ ಹಾಳಾಗಬಹುದು, ಆದರೆ ತೇಲುತ್ತದೆ. ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಎರಡೂ ನೀರಿಗಿಂತ ಭಾರ. ತೂತು ಮೇಲಾಗಿ ಬಿದ್ದರೆ ದೋಣಿಯ ಹಾಗೆ ತೇಲೀತು. ತೂತಿನೊಳಗೆ ನೀರು ತುಂಬಿದರೆ ತಳ ಸೇರಿತು. ನೀರು ಅದಕ್ಕೆ ಏನೂ ಮಾಡಿರುವುದಿಲ್ಲ, ನಿಮ್ಮ ಕೈಗೆ ಸಿಗುವುದಿಲ್ಲ ಅಷ್ಟೇ. ತಲೆಗೆ ಒಂದು ದಾರ ಕಟ್ಟಿ ಕಯಾಕಿಗೆ ಬಿಗಿಯಿರಿ.

'ವಾಟರ್‌ಪ್ರೂಫ್' ಎಂಬ ಪದದ ಗೋಜಲು ಇರುವುದೂ ಇಲ್ಲೇ. ಫೋನಿಗಾದರೆ ಐಪಿಎಕ್ಸ್7 ಅಂತ ಗುರುತು ಇರುತ್ತದೆ, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಅಂತ ಅದಕ್ಕೆ ಖಚಿತ ಅರ್ಥವಿದೆ. ಯುಕುಲೇಲೆ ಮಾರುವಾಗ ಹೇಳುವ ವಾಟರ್‌ಪ್ರೂಫಿಗೆ ಸಾಮಾನ್ಯವಾಗಿ ಅಂಥ ಅಳತೆ ಇಲ್ಲ. ಅದು ಬರೀ ಮೈಯ ಬಗ್ಗೆ ಹೇಳಿದ ಮಾತು. ಮೈಗೆ ನೀರು ಏನೂ ಮಾಡದಿರಬಹುದು. ಕೀ, ತಂತಿ, ಸ್ಕ್ರೂ, ಸದ್ದನ್ನು ಆಂಪ್ಲಿಫೈಯರಿಗೆ ಕಳಿಸುವ ಒಳಗಿನ ಪಿಕಪ್? ಪಿಕಪ್ ಇರುವ ಮಾದರಿಯಲ್ಲಿ ಬ್ಯಾಟರಿ, ಸರ್ಕ್ಯೂಟ್ ಎಲ್ಲ ಇರುತ್ತದೆ. ನೀರಿನ ಹತ್ತಿರ ಒಯ್ಯುವುದಾದರೆ ಪಿಕಪ್ ಇಲ್ಲದ್ದನ್ನೇ ತಗೊಳ್ಳಿ. ಕಾಡಿನಲ್ಲಿ ಆಂಪ್ಲಿಫೈಯರ್ ಯಾರು ಹೊರುತ್ತಾರೆ?

ನಾನು ಅಂಗಡಿಯಲ್ಲಿ ಮೊದಲು ತಿರುಗಿಸಿ ನೋಡುವುದು ತಲೆಯ ಹಿಂಭಾಗವನ್ನು. ತಂತಿ ಬಿಗಿಮಾಡುವ ಕೀ, ನಮ್ಮ ವೀಣೆಯ ಬಿರಡೆಯ ಕೆಲಸ ಮಾಡುವುದು, ಅಲ್ಲಿರುತ್ತದೆ. ಅಗ್ಗದವುಗಳಲ್ಲಿ ಹಲ್ಲಿನ ಚಕ್ರ ಬಯಲಿಗೇ ಕಾಣುತ್ತದೆ. ಬೀಚಿಗೆ ಒಂದು ಸಲ ಹೋಗಿ ಬಂದರೆ ಆ ಹಲ್ಲುಗಳ ನಡುವೆ ಮರಳು ಸೇರಿ, ತಿರುಗಿಸಿದಾಗ ರಾಗಿ ಬೀಸಿದ ಸದ್ದು ಬರುತ್ತದೆ. ಆಮೇಲೆ ಉಪ್ಪಿನ ಗಾಳಿಗೆ ಸ್ಕ್ರೂ ತಲೆಗಳು ಕೆಂಪಾಗುತ್ತವೆ. ಚಕ್ರ ಮುಚ್ಚಿರುವ ಕೀ, ತುಕ್ಕು ಹಿಡಿಯದ ಸ್ಟೀಲಿನ ಸ್ಕ್ರೂ ಇದ್ದರೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಅಗ್ಗದ ಯುಕುಲೇಲೆ ತಗೊಂಡು ಕೀ ಮಾತ್ರ ಒಳ್ಳೆಯದು ಹಾಕಿಸುವುದೂ ಒಂದು ದಾರಿ.

ತಂತಿಯ ವಿಷಯಕ್ಕೆ ಗಾಳ ಹಾಕುವವರನ್ನು ಕೇಳಬೇಕು. ಅವರ ದಾರದಲ್ಲಿ ಎರಡು ಜಾತಿ ಇದೆ, ನೈಲಾನ್ ಮತ್ತು ಫ್ಲೋರೊಕಾರ್ಬನ್. ಯುಕುಲೇಲೆ ತಂತಿಯಲ್ಲೂ ಇವೇ ಎರಡು ಮುಖ್ಯ ಜಾತಿ. ನೈಲಾನ್ ನೀರು ಕುಡಿದು ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಫ್ಲೋರೊಕಾರ್ಬನ್ ನೀರನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಸಾಂದ್ರತೆಯೂ ಜಾಸ್ತಿ, ಹಾಗಾಗಿ ಅದೇ ಸ್ವರಕ್ಕೆ ತೆಳುವಾದ ತಂತಿ ಸಾಕು. ಮಳೆ ಪ್ರವಾಸಕ್ಕೆ ಎರಡನೆಯದನ್ನೇ ಹಾಕಿಸಿ. ಲೋಹದ ಸುತ್ತು ಇರುವ ದಪ್ಪ ತಂತಿ ಬೇಡ, ಉಪ್ಪಿಗೆ ಕಪ್ಪಾಗುತ್ತದೆ. ಸ್ಟೀಲ್ ತಂತಿಯನ್ನಂತೂ ಹಾಕಲೇಬೇಡಿ. ಅದರ ಎಳೆತ ಯುಕುಲೇಲೆಗೆ ತಡೆಯದು. ಪ್ಲಾಸ್ಟಿಕ್ ಯುಕುಲೇಲೆಗಳಲ್ಲಿ ಫ್ರೆಟ್‌ಗಳೂ, ಅಂದರೆ ವೀಣೆಯ ಮೆಟ್ಟಿಲಿನಂಥ ಅಡ್ಡಪಟ್ಟಿಗಳೂ, ಎಷ್ಟೋ ಸಲ ಮೈಯ ಜೊತೆಗೇ ಎರಕ ಹೊಯ್ದ ಪ್ಲಾಸ್ಟಿಕ್ಕೇ ಆಗಿರುತ್ತವೆ. ತುಕ್ಕು ಹಿಡಿಯುವ ಪ್ರಶ್ನೆ ಇಲ್ಲ, ಆದರೆ ಸವೆದರೆ ಬದಲಾಯಿಸಲೂ ಆಗುವುದಿಲ್ಲ.

ಎರಕದ ಯುಕುಲೇಲೆಯಲ್ಲಿ ತಪ್ಪಿದ್ದರೆ ಅದು ಹುಟ್ಟು ತಪ್ಪು. ಮರದ್ದಾದರೆ ಉಜ್ಜಿ, ಕೆತ್ತಿ ಸರಿ ಮಾಡಬಹುದು. ಇದರಲ್ಲಿ ಆಗದು. ಆದ್ದರಿಂದ ಕೊಳ್ಳುವ ಮುಂಚೆಯೇ ನೋಡಬೇಕು. ಮೊದಲ ಫ್ರೆಟ್ ಒತ್ತಿ. ಬೆರಳು ನೋಯುವಷ್ಟು ಒತ್ತಬೇಕಾದರೆ ತಂತಿ ಎತ್ತರವಾಗಿದೆ ಅಂತ. ಅಲ್ಲಿ ಮೀಟಿದ ಸ್ವರವೂ ಸ್ವಲ್ಪ ಏರಿಯೇ ಕೇಳುತ್ತದೆ. ಆಮೇಲೆ 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿ, ಗಂಟೆಯಂಥ ಸ್ವರ ಬರುತ್ತದೆ. ಈಗ ಅದೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಆಗಿರಬೇಕು. ಬೇರೆ ಬೇರೆ ಕೇಳಿದರೆ ಆ ಯುಕುಲೇಲೆ ಎಷ್ಟೇ ಶ್ರುತಿ ಮಾಡಿದರೂ ಮೇಲಿನ ಸ್ವರಗಳಲ್ಲಿ ಅಪಸ್ವರವೇ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಮಾಡುವ ಗಡುವಿನೊಳಗೆ ಈ ಎರಡು ಪರೀಕ್ಷೆ ಮುಗಿಸಿ.

ಶ್ರುತಿ ಹೊರಗೆ ಹೋದಾಗ ತಪ್ಪಿಯೇ ತಪ್ಪುತ್ತದೆ. ಪ್ಲಾಸ್ಟಿಕ್ ಬಿಸಿಗೆ ಹಿಗ್ಗುವುದು ಮರದ ನಾರಿನ ಉದ್ದಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಜಾಸ್ತಿ. ಬೆಳಗಿನ ಚಳಿಯಲ್ಲಿ ಕೂಡಿಸಿದ್ದು ಮಧ್ಯಾಹ್ನಕ್ಕೆ ಕೂಡಿರುವುದಿಲ್ಲ. ತಲೆಗೆ ಸಿಕ್ಕಿಸುವ ಟ್ಯೂನರಿಗೆ ನೀರು ಆಗದು. ಫೋನಿಗೆ ಚಾರ್ಜ್ ಇರುವುದಿಲ್ಲ. ಹಾಗಾಗಿ ಕಿವಿಯಲ್ಲಿ ಮಾಡುವುದನ್ನು ಕಲಿತಿಡಿ. ಪಾಶ್ಚಾತ್ಯ ಸ್ವರಗಳ ಲೆಕ್ಕದಲ್ಲಿ ತಂತಿಗಳು ಜಿ, ಸಿ, ಇ, ಎ. ಸಿ ತಂತಿಯ 4ನೇ ಫ್ರೆಟ್ ಒತ್ತಿದರೆ ಇ ಬರುತ್ತದೆ. ಇ ತಂತಿಯ 3ನೇ ಫ್ರೆಟ್ ಜಿ, 5ನೇ ಫ್ರೆಟ್ ಎ. ಒಂದು ತಂತಿ ನಂಬುವ ಹಾಗಿದ್ದರೆ ಮಿಕ್ಕ ಮೂರು ಅದರ ಹಿಂದೆ ಬರುತ್ತವೆ.

ಇನ್ನು ಕಾಡಿಗೆ ಹೋಗುವವರು ಮೈಗೆ ಬಳಿದುಕೊಳ್ಳುವ ಕ್ರೀಮು. ಡೀಟ್ ಎಂಬ ರಾಸಾಯನಿಕ ಇರುವ ಕೀಟ ನಿವಾರಕ ಸೊಳ್ಳೆಯನ್ನು ಚೆನ್ನಾಗಿಯೇ ಓಡಿಸುತ್ತದೆ. ಹಲವು ಬಗೆಯ ಪ್ಲಾಸ್ಟಿಕ್ಕನ್ನೂ ಚೆನ್ನಾಗಿಯೇ ಕರಗಿಸುತ್ತದೆ. ಅದು ಬಳಿದ ಕೈಯಲ್ಲಿ ಪಾಲಿಕಾರ್ಬೊನೇಟ್ ಅಥವಾ ಎಬಿಎಸ್ ಯುಕುಲೇಲೆ ಹಿಡಿದರೆ ಮೇಲ್ಮೈ ಜಿಗುಟಾಗಿ ಬೆರಳಚ್ಚು ಅಲ್ಲೇ ಕೂತುಬಿಡುತ್ತದೆ. ಸೂಕ್ಷ್ಮ ಸೀಳುಗಳೂ ಬರಬಹುದು. ಥಿನ್ನರ್, ಉಗುರುಬಣ್ಣ ಅಳಿಸುವ ದ್ರವ ಕೂಡ ದೂರ ಇರಲಿ. ಜಿಗಣೆಗೆ ಮಲೆನಾಡಿನವರು ಹಚ್ಚುವ ಸುಣ್ಣ, ಹೊಗೆಸೊಪ್ಪಿನ ನೀರು ಕಾಲಿಗೆ ಮಾತ್ರ ಆದ್ದರಿಂದ ಅದರ ಚಿಂತೆ ಇಲ್ಲ.

ಬ್ಯಾಗಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಯುಕುಲೇಲೆ ಜೊತೆ ಬರುವ ಸ್ಪಂಜಿನ ಬ್ಯಾಗು ನೆನೆದರೆ ಎರಡು ದಿನ ಒಣಗದು. ಒಳಗಿದ್ದ ಮರಕ್ಕೆ ಅದು ಒದ್ದೆ ಕಂಬಳಿ ಹೊದಿಸಿದ ಹಾಗೆ. ಒಂದು ವಾರ ಬಿಟ್ಟರೆ ಬೂಷ್ಟು. ರ‍್ಯಾಫ್ಟಿಂಗಿನವರು ಬಳಸುವ, ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ತಗೊಳ್ಳಿ. ಲೀಟರ್ ಲೆಕ್ಕ ನಂಬಬೇಡಿ, ಉದ್ದ ಅಳೆದು ನೋಡಿ. ಆಗುಂಬೆಯ ಆ ಅಮ್ಮ ನಾವು ಹೊರಡುವಾಗ ನನ್ನ ಮುರುಕು ಯುಕುಲೇಲೆಯನ್ನು ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಳೆ ನಾರಲ್ಲಿ ಕಟ್ಟಿಕೊಟ್ಟಿದ್ದರು. ಬೆಂಗಳೂರಿನ ತನಕ ಮಳೆಯೋ ಮಳೆ. ಒಂದು ಹನಿ ಒಳಗೆ ಹೋಗಿರಲಿಲ್ಲ.

ಮರದ್ದು ನೆನೆದರೆ ಏನು ಮಾಡಬೇಕು? ಮೊದಲು ತಂತಿ ಸಡಿಲ ಮಾಡಿ. ಒಣ ಬಟ್ಟೆಯಲ್ಲಿ ಒರೆಸಿ. ತೂತು ಕೆಳಗೆ ಮಾಡಿ ನೀರು ಬಸಿಯಿರಿ. ಫ್ಯಾನಿನ ದೂರದ ಗಾಳಿಗೆ, ನೆರಳಲ್ಲಿ, ಎರಡು ಮೂರು ದಿನ ಬಿಡಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ, ಒಲೆಯಂತೂ ಬೇಡವೇ ಬೇಡ. ಹೊರಗೆ ಬೇಗ ಒಣಗಿ ಕುಗ್ಗಿ, ಒಳಗೆ ಇನ್ನೂ ಉಬ್ಬಿಕೊಂಡೇ ಇದ್ದರೆ ಸೀಳು ಗ್ಯಾರಂಟಿ. ಅಮೆರಿಕ, ಕೆನಡಾದ ಚಳಿ ಊರುಗಳಲ್ಲಿ ಇರುವ ಕನ್ನಡಿಗರಿಗೆ ತೊಂದರೆ ಉಲ್ಟಾ. ಚಳಿಗಾಲದಲ್ಲಿ ಹೀಟರ್ ಗಾಳಿ ತೇವ ಹೀರಿ ಮರವನ್ನು ಒಣಗಿಸುತ್ತದೆ. ಊರಿಂದ ಒಯ್ದ ವಾದ್ಯ ಸೀಳುವುದು ಅದಕ್ಕೇ. ಅಲ್ಲಿ ಪೆಟ್ಟಿಗೆಯೊಳಗೆ ತೇವ ಕೊಡುವ ಸ್ಪಂಜು ಬೇಕು, ಇಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ.

ಹಾಗಾದರೆ ಯಾವುದು ತಗೋಬೇಕು? ರಾತ್ರಿ ಹೋಂಸ್ಟೇ ಜಗಲಿಯಲ್ಲಿ ಕೂತು ನುಡಿಸುವುದಷ್ಟೇ ಆದರೆ ಪದರದ ಮರದ್ದು ಮತ್ತು ಒಂದು ಒಳ್ಳೆ ಡ್ರೈ ಬ್ಯಾಗ್ ಸಾಕು. ಸದ್ದು ಅದರದ್ದೇ ಚೆಂದ. ಬೀಚು, ನದಿ, ಬೈಕ್ ಪ್ರವಾಸ, ಮಳೆ ಚಾರಣ ಎಲ್ಲಕ್ಕೂ ಒಂದೇ ಬೇಕಾದರೆ ನಾರು ಬೆರೆಸಿದ ಪಾಲಿಕಾರ್ಬೊನೇಟಿನ ಕನ್ಸರ್ಟ್. ನಾನು ಕೊನೆಗೆ ತಗೊಂಡದ್ದೂ ಅಂಥದ್ದೇ. ಮಕ್ಕಳ ಕೈಗೆ ಕೊಡುವುದಾದರೆ ಎಬಿಎಸ್ ಸೊಪ್ರಾನೊ. ವರ್ಷಪೂರ್ತಿ ತಿರುಗುವವರು, ಸದ್ದಿನಲ್ಲಿ ರಾಜಿ ಇಲ್ಲದವರು, ಜೇಬು ಗಟ್ಟಿ ಇರುವವರು ಕಾರ್ಬನ್ ನೋಡಲಿ.

ಒಂದು ಕಡೆ ಮಾತ್ರ ಯಾವುದನ್ನೂ ಹೊರಗೆ ತೆಗೆಯಬೇಡಿ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿನ ನಿವಾಸಿಗಳು ನಮ್ಮ ಕಛೇರಿಗೆ ಟಿಕೆಟ್ ತಗೊಂಡಿಲ್ಲ. ಇಳಿದು ಬಂದು ಉಳಿದುಕೊಂಡ ಮನೆಯಲ್ಲಿ ನುಡಿಸಿ.

ಹೋದ ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೊಸದನ್ನು ಒಯ್ದಿದ್ದೆ. ಮೂರು ದಿನ ಮರಳು, ಉಪ್ಪುನೀರು, ಎಳನೀರು ಎಲ್ಲ ಕುಡಿಯಿತು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಕೆಳಗೆ ಹಿಡಿದು ಸಿಹಿನೀರಲ್ಲಿ ತೊಳೆದೆ. ಕೀಗಳನ್ನು ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಒಂದೊಂದು ತೊಟ್ಟು ಮಿಷನ್ ಎಣ್ಣೆ ಬಿಟ್ಟೆ. ಪಕ್ಕದ ಗೂಟದಲ್ಲಿ ಹಳೇ ಮರದ್ದು ಬ್ರಿಡ್ಜ್ ಅಂಟಿಸಿಕೊಂಡು ನೇತಾಡುತ್ತಿತ್ತು. ಅದನ್ನು ಮೀಟಿದರೆ ಈಗಲೂ ರೂಮು ತುಂಬುತ್ತದೆ. ಹೊಸದನ್ನು ತಲೆಕೆಳಗೆ ಮಾಡಿ ಅಲುಗಿಸಿದೆ. ತೊಳೆದ ಮೇಲೂ ಒಂದು ಚಿಟಿಕೆ ಮರಳು ಉದುರಿತು.